ಡೀಸೆಲ್ ಜಾಸ್ತಿ ಕುಡಿಯುವ ಹಳೇ ಟ್ರ್ಯಾಕ್ಟರ್: ಇಂಜಿನ್ ಬಿಚ್ಚಿಸಲೇಬೇಕಾ?

ಬಳ್ಳಾಪುರದ ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಇರುವುದು ಯಲಹಂಕದಲ್ಲಿ, ಜಮೀನು ದೊಡ್ಡಬಳ್ಳಾಪುರದ ಹತ್ತಿರ. ಆರು ಎಕರೆ. ರಾಗಿ, ಅದರ ಅಕ್ಕಡಿಯಲ್ಲಿ ಅವರೆ, ಒಂದಿಷ್ಟು ಮುಸುಕಿನ ಜೋಳ. ಅಪ್ಪ ತೆಗೆದುಕೊಂಡ 45 ಎಚ್‌ಪಿ ಟ್ರ್ಯಾಕ್ಟರ್ ಇದೆ, ವಯಸ್ಸು ಹದಿನೈದು ದಾಟಿದೆ. ನಮ್ಮ ಕೆಲಸ ಮುಗಿದ ಮೇಲೆ ಊರಲ್ಲಿ ಬಾಡಿಗೆಗೂ ಹೋಗುತ್ತದೆ. ಓಡಿಸುವವರು ನಮ್ಮೂರಿನ ಡ್ರೈವರಣ್ಣ.

ಈಗಿನ ತೊಂದರೆ ಡೀಸೆಲ್. ಮೊದಲು ರೋಟವೇಟರ್ (ತಿರುಗುವ ಬ್ಲೇಡಿನಿಂದ ಮಣ್ಣು ಪುಡಿ ಮಾಡುವ ಸಾಮಾನು) ಹಾಕಿ ಒಂದು ಎಕರೆ ಮಾಡಲು ಹೋಗುತ್ತಿದ್ದುದಕ್ಕಿಂತ ಈಗ ಎದ್ದು ಕಾಣುವಷ್ಟು ಜಾಸ್ತಿ ಹೋಗುತ್ತಿದೆ. ಹೊಗೆ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಬಿಸಿಯ ಮುಳ್ಳು ಕೆಂಪಿನ ಹತ್ತಿರ ಹೋಗುತ್ತದೆ. ಡ್ರೈವರಣ್ಣ "ಬೋರ್ ಹೋಗಿದೆ" ಎನ್ನುತ್ತಾರೆ, ಅಂದರೆ ಇಂಜಿನ್ ಸಿಲಿಂಡರಿನ ಒಳಗೋಡೆ ಸವೆದಿದೆ ಅಂತ. ಗ್ಯಾರೇಜಿನವರು ಬಂದು ನೋಡಿ ಇಂಜಿನ್ ಪೂರ್ತಿ ಬಿಚ್ಚಬೇಕು ಎಂದು ದೊಡ್ಡ ಮೊತ್ತ ಹೇಳಿದ್ದಾರೆ. ಬಿಚ್ಚಿಸಲಾ, ಇಲ್ಲಾ ಮಾರಿ ಹೊಸದು ತೆಗೆದುಕೊಳ್ಳಲಾ? ಮುಂಗಾರಿಗೆ ಮುಂಚೆ ತೀರ್ಮಾನ ಆಗಬೇಕು.

ಆನೇಕಲ್ ಸ್ಪ್ಯಾನರ್
ಹೊಗೆ ಯಾವ ಬಣ್ಣ?

ಕನಕಪುರ ಕಣ
ಮಾರಿಬಿಡು ಗುರು. ಆರು ಎಕರೆಗೆ ಟ್ರ್ಯಾಕ್ಟರ್ ಯಾಕೆ? ಡೀಸೆಲ್, ಡ್ರೈವರ್ ಕೂಲಿ, ಟೈರ್, ಎಲ್ಲ ಸೇರಿಸಿದರೆ ಬಾಡಿಗೆಗೆ ಕರೆಸುವುದೇ ಅಗ್ಗ. ಹೋಬಳಿಯಲ್ಲಿ ಕೃಷಿ ಯಂತ್ರಧಾರೆ ಕೇಂದ್ರ ಇದ್ದರೆ ಅಲ್ಲಿ ವಿಚಾರಿಸು.

ಬಳ್ಳಾಪುರದ ಹುಡುಗ
@ಆನೇಕಲ್ ಸ್ಪ್ಯಾನರ್ ಕಪ್ಪು ಹೊಗೆ ಅಣ್ಣ. ರೋಟವೇಟರ್ ನೆಲಕ್ಕೆ ಇಳಿಸಿದಾಗ ಜಾಸ್ತಿ. ಖಾಲಿ ಓಡಿಸಿದರೆ ಅಷ್ಟು ಕಾಣುವುದಿಲ್ಲ.

ಹೊಸಕೋಟೆ ಅಕ್ಕ
@ಕನಕಪುರ ಕಣ ಬಾಡಿಗೆ ಅಗ್ಗ ನಿಜ, ಆದರೆ ಸಿಗಬೇಕಲ್ಲ. ಮಳೆ ಬಿದ್ದ ಮೂರನೇ ದಿನ ಊರಿನ ಎಲ್ಲರಿಗೂ ಒಟ್ಟಿಗೇ ಟ್ರ್ಯಾಕ್ಟರ್ ಬೇಕು. ನಮ್ಮ ಸರದಿ ಬರುವಷ್ಟರಲ್ಲಿ ಹದ ಆರಿ ಹೋಗಿರುತ್ತದೆ. ಒಂದು ಹದ ತಪ್ಪಿದರೆ ಎಷ್ಟು ರಾಗಿ ಹೋಯಿತು ಎಂದು ಲೆಕ್ಕ ಹಾಕಿ ನೋಡಿ, ಆಮೇಲೆ ಅಗ್ಗ ಅನ್ನಿ.

ಆನೇಕಲ್ ಸ್ಪ್ಯಾನರ್
ಕಪ್ಪು ಹೊಗೆಗೆ ಬೋರ್ ಬಿಚ್ಚಿಸುವುದಾ? ಸ್ವಲ್ಪ ತಡೆಯಿರಿ ಸಾರ್.

ಹೊಗೆ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಪಿಸ್ಟನ್ ರಿಂಗ್, ಲೈನರ್ (ಸಿಲಿಂಡರಿನ ಒಳಗೋಡೆ), ವಾಲ್ವ್ ಗೈಡ್ ಸವೆದಿರಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದರೆ ಪರವಾಗಿಲ್ಲ. ಬಿಸಿಯಾದ ಮೇಲೂ ಬಿಳಿಯೇ ಬರುತ್ತಾ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಭಾಗದ ಸೀಲು) ಮೇಲೆ ಅನುಮಾನ ಪಡಬೇಕು. ಕಪ್ಪು ಹೊಗೆ ಅಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಒಂದೋ ಗಾಳಿ ಕಡಿಮೆ, ಇಲ್ಲಾ ಡೀಸೆಲ್ ಜಾಸ್ತಿ, ಇಲ್ಲಾ ಇಂಜಿನ್ ತಾಕತ್ತಿಗೆ ಮೀರಿದ ಕೆಲಸ.

ಮೊದಲು ಏರ್ ಕ್ಲೀನರ್ ತೆಗೆದು ನೋಡಿ. ಹಳೇ ಗಾಡಿ, ಗಾಳಿಯ ಧೂಳನ್ನು ಆಯಿಲ್ಲಿನಲ್ಲಿ ಹಿಡಿಯುವ ಆಯಿಲ್ ಬಾತ್ ಇರುತ್ತದೆ. ಕೆಳಗಿನ ಬಟ್ಟಲು ಬಿಚ್ಚಿ ಬೆರಳು ಅದ್ದಿ. ಆಯಿಲ್ ತಳದಲ್ಲಿ ಕೆಸರು ಕೂತಿದ್ದರೆ ಚೆಲ್ಲಿ, ಬಟ್ಟಲನ್ನೂ ಒಳಗಿನ ಜಾಲರಿಯನ್ನೂ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ ಹೊಸ ಆಯಿಲ್ ಹಾಕಿ. ಗೆರೆ ತನಕ ಮಾತ್ರ. "ಇನ್ನೊಂದು ಸ್ವಲ್ಪ ಇರಲಿ" ಎಂದು ಗೆರೆ ಮೀರಿ ಹಾಕಿದರೆ ಇಂಜಿನ್ ಆ ಆಯಿಲ್ಲನ್ನೇ ಎಳೆದುಕೊಳ್ಳುತ್ತದೆ. ಕಡಿಮೆ ಹಾಕಿದರೆ ಧೂಳು ಒಳಗೆ ಹೋಗುತ್ತದೆ. ನಮ್ಮ ಕೆಂಪು ಮಣ್ಣಿನ ಧೂಳು ಲೈನರ್ ತಿನ್ನುವಷ್ಟು ಇನ್ಯಾವುದೂ ತಿನ್ನುವುದಿಲ್ಲ. ರೋಟವೇಟರ್ ಹೊಡೆಯುವ ದಿನಗಳಲ್ಲಿ ದಿನಾ ನೋಡಬೇಕು.

ಆಮೇಲೆ ಹೇಳಿ, ಇಂಜಿನ್ ಆಯಿಲ್ ಎಷ್ಟು ಸಲ ಟಾಪ್ ಅಪ್ ಮಾಡುತ್ತೀರಿ? ಆಯಿಲ್ ಹಾಕುವ ಮುಚ್ಚಳ ತೆಗೆದು ಇಂಜಿನ್ ನಿಧಾನಕ್ಕೆ ಬಿಟ್ಟರೆ ಅಲ್ಲಿಂದ ಬುಸಬುಸ ಹೊಗೆ ಬರುತ್ತದಾ? ಬಂದರೆ ಆಗ ಬೋರ್ ವಿಷಯ ಮಾತಾಡೋಣ.

ಮಾಗಡಿ ತಾತ
ಮೊದಲು ಆ ರೋಟವೇಟರ್ ಬಿಡಿ. ಎಲ್ಲಾ ಸರಿಹೋಗುತ್ತದೆ.

ಬಿಟ್ಟೆ ಕೋಡಿಂಗು
ತಾತ ಶುರು ಮಾಡಿದರು 😀

ಮಾಗಡಿ ತಾತ
ನಗಬೇಡ ತಮ್ಮಾ. ವರ್ಷಾ ವರ್ಷಾ ಅದೇ ನಾಲ್ಕು ಅಂಗುಲ ಮಣ್ಣನ್ನು ಹಿಟ್ಟು ಮಾಡುತ್ತೀರಿ. ಕೆಳಗೆ ನೆಲ ಗಟ್ಟಿ ಪದರ ಕಟ್ಟುತ್ತದೆ, ನೀರು ಇಳಿಯುವುದಿಲ್ಲ. ಮೇಲೆ ಒಂದು ಜೋರು ಮಳೆ ಬಿತ್ತು ಅಂದರೆ ಹಿಟ್ಟಾದ ಮಣ್ಣು ಹೊಪ್ಪಳಿಕೆ ಕಟ್ಟಿ ರಾಗಿ ಮೊಳಕೆ ಮೇಲೆ ಬರಲು ಆಗದೆ ಒದ್ದಾಡುತ್ತದೆ. ಇಷ್ಟಕ್ಕೆ ಡೀಸೆಲ್ ಸುಡಬೇಕಾ? ಭರಣಿ ಮಳೆಗೆ ಒಂದು ಸಲ ಕಲ್ಟಿವೇಟರ್ (ಸಾಲು ಹಲ್ಲಿನ ನೇಗಿಲು) ಹೊಡೆದು ಬಿಟ್ಟರೆ ನೆಲ ಬಾಯಿ ಬಿಟ್ಟು ನೀರು ಕುಡಿಯುತ್ತದೆ. ಆಮೇಲಿನ ಉಳುಮೆ ಸಲೀಸು. ಒಣ ನೆಲದಲ್ಲಿ ಎಂಥ ಇಂಜಿನ್ ಆದರೂ ಹೊಗೆ ಉಗುಳುತ್ತದೆ. ಹದ ನೋಡಿ ಉಳಬೇಕು ಅಂತ ಹಿಂದಿನವರು ಸುಮ್ನೆ ಹೇಳಲಿಲ್ಲ.

ಕನಕಪುರ ಕಣ
ತಾತ ಹೇಳುವುದು ಸರಿ, ಆದರೆ ಬಾಡಿಗೆಗೆ ಕರೆಯುವವರು ಕೇಳುವುದೇ ರೋಟವೇಟರ್. ಒಂದೇ ಸಲಕ್ಕೆ ನೆಲ ಬಿತ್ತನೆಗೆ ರೆಡಿ ಆಗಬೇಕು ಅವರಿಗೆ. ಕಲ್ಟಿವೇಟರ್ ಎರಡು ಸಲ ಹೊಡೆದು ಕುಂಟೆ ಎಳೆಯಲು ಯಾರಿಗೂ ತಾಳ್ಮೆ ಇಲ್ಲ.

ಬಿಟ್ಟೆ ಕೋಡಿಂಗು
ರೋಟವೇಟರ್ ಎಷ್ಟು ಅಡಿಯದು ಬ್ರೋ?

ಬಳ್ಳಾಪುರದ ಹುಡುಗ
6 ಅಡಿ. ಎರಡು ವರ್ಷದ ಹಿಂದೆ 5 ಅಡಿಯದನ್ನು ಕೊಟ್ಟು ದೊಡ್ಡದು ತಂದೆವು. ಬೇಗ ಕೆಲಸ ಆಗುತ್ತದೆ ಎಂದು ಡ್ರೈವರಣ್ಣನೇ ಹೇಳಿದ್ದು.

ಬಿಟ್ಟೆ ಕೋಡಿಂಗು
ನೋಡಿ, ಇಲ್ಲೇ ಇದೆ ಒಂದು ಗಂಟು. 45 ಎಚ್‌ಪಿ ಅನ್ನುವುದು ಇಂಜಿನ್ ಲೆಕ್ಕ. ಹಿಂದೆ ಪಿಟಿಒ ಶಾಫ್ಟಿಗೆ (ರೋಟವೇಟರ್ ತಿರುಗಿಸುವ ದಂಡ) ಬರುವಷ್ಟರಲ್ಲಿ ಅದು 40ರ ಆಸುಪಾಸಿಗೆ ಇಳಿದಿರುತ್ತದೆ. ಹದಿನೈದು ವರ್ಷದ ಗಾಡಿಯಲ್ಲಿ ಇನ್ನೂ ಕಡಿಮೆ. 6 ಅಡಿ ರೋಟವೇಟರ್ ಗಟ್ಟಿ ನೆಲದಲ್ಲಿ ಇಳಿಸಿದರೆ ಅದು ಕಟ್ಟಿಕೊಂಡ ಹೊರೆಯೇ. ಹೊಗೆ ಬರದೆ ಏನು ಮಾಡುತ್ತದೆ?

ಬ್ಲೇಡ್ ಕೂಡ ನೋಡಿ. ಸವೆದು ತುದಿ ಹೋದ ಬ್ಲೇಡ್ ಮಣ್ಣು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಎಡ ಬಲ ಅದಲು ಬದಲು ಕೂರಿಸಿದವರನ್ನೂ ನೋಡಿದ್ದೇನೆ. ಎಷ್ಟು ಆಳಕ್ಕೆ ಇಳಿಸುತ್ತಾರೆ? ರಾಗಿಗೆ ನಾಲ್ಕು ಅಂಗುಲ ಸಾಕು. ಆಳ ಜಾಸ್ತಿ ಮಾಡಿದಷ್ಟೂ ಡೀಸೆಲ್ ಜಾಸ್ತಿ.

ಇನ್ನೊಂದು, ಗೇರ್. ಕಲ್ಟಿವೇಟರ್, ಟ್ರೇಲರ್, ಕುಂಟೆಯಂಥ ಹಗುರ ಕೆಲಸಕ್ಕೆ ಒಂದು ಗೇರ್ ಮೇಲೆ ಹಾಕಿ ಆಕ್ಸಿಲರೇಟರ್ ಇಳಿಸಬೇಕು. 2,000 ಆರ್‌ಪಿಎಂನಲ್ಲಿ ಸಣ್ಣ ಗೇರಿನಲ್ಲಿ ಕಿರುಚಿಸುವ ಬದಲು 1,500ರ ಹತ್ತಿರ ದೊಡ್ಡ ಗೇರಿನಲ್ಲಿ ಅದೇ ವೇಗ ಸಿಗುತ್ತದೆ, ಡೀಸೆಲ್ ಉಳಿಯುತ್ತದೆ. ಮಿತಿ ಮೀರಿದೆಯಾ ಎಂದು ತಿಳಿಯಲು ಓಡುತ್ತಿರುವಾಗಲೇ ಥ್ರಾಟಲ್ ಸ್ವಲ್ಪ ಮೇಲೆ ಎಳೆಯಿರಿ. ಇಂಜಿನ್ ತಕ್ಷಣ ಎದ್ದರೆ ಸರಿ. ಏಳದೆ ಕಪ್ಪಗೆ ಉಗುಳಿದರೆ ಒಂದು ಗೇರ್ ಇಳಿಸಿ.

ಆನೇಕಲ್ ಸ್ಪ್ಯಾನರ್
@ಬಿಟ್ಟೆ ಕೋಡಿಂಗು ಈ ಗೇರ್ ಉಪಾಯ ರೋಟವೇಟರಿಗೆ ಹೇಳಬೇಡಿ ಸಾರ್, ಓದಿದವರು ತಪ್ಪು ತಿಳಿದುಕೊಳ್ಳುತ್ತಾರೆ. ಪಿಟಿಒ 540 ಸುತ್ತು ತಿರುಗಬೇಕು ಅಂದರೆ ಇಂಜಿನ್ ಅದಕ್ಕೆ ತಕ್ಕ ಆರ್‌ಪಿಎಂನಲ್ಲೇ ಇರಬೇಕು. ಮೀಟರ್ ಮೇಲೆ ಆ ಗುರುತು ಇರುತ್ತದೆ, ಒಂದೊಂದು ಮಾಡೆಲ್ಲಿಗೆ ಒಂದೊಂದು ಕಡೆ. ಅಲ್ಲಿ ಇಂಜಿನ್ ಇಳಿಸಿದರೆ ಬ್ಲೇಡ್ ನಿಧಾನ ಆಗಿ ಹೆಂಟೆ ಏಳುತ್ತದೆ. ಹೊಸ ಗಾಡಿಗಳಲ್ಲಿ ಎಕಾನಮಿ ಪಿಟಿಒ ಅಂತ ಬೇರೆ ಲಿವರ್ ಬರುತ್ತದೆ. ಅದರಲ್ಲಿ ಕಡಿಮೆ ಆರ್‌ಪಿಎಂಗೇ 540 ಸಿಗುತ್ತದೆ, ಸ್ಪ್ರೇಯರ್, ನೀರಿನ ಪಂಪ್‌ನಂಥ ಹಗುರ ಕೆಲಸಕ್ಕೆ ಚೆನ್ನ.

ಬಿಟ್ಟೆ ಕೋಡಿಂಗು
ಕಲ್ಟಿವೇಟರ್, ಟ್ರೇಲರ್ ಅಂತಲೇ ಬರೆದೆ ಅಲ್ವಾ ಅಣ್ಣ? ಮೇಲೆ ಓದಿ.

ಆನೇಕಲ್ ಸ್ಪ್ಯಾನರ್
ಓದಿದೆ. ಆದರೂ ಜನ ಅರ್ಧ ಓದುತ್ತಾರೆ, ಅದಕ್ಕೆ ಹೇಳಿದೆ.

ಗಡಿಯಾರದ ಜಾಲಹಳ್ಳಿ
ಇದೆಲ್ಲ ಈಗಿನ ಗಾಡಿಗಳ ಗೋಳು. ನಮ್ಮ ಮಾವನ ಮನೆಯಲ್ಲಿ ಎಚ್‌ಎಂಟಿ 2522 ಇನ್ನೂ ಓಡುತ್ತಿದೆ. 25 ಎಚ್‌ಪಿ. ಜಾಲಹಳ್ಳಿಯಲ್ಲಿ ಮಾಡಿದ ಮಾಲು, ಕೇಳಬೇಕಾ!

ಮಾಗಡಿ ತಾತ
ಜಾಲಹಳ್ಳಿಯಲ್ಲಿ ಮಾಡಿದ್ದು ಕೈಗಡಿಯಾರ, ಮೆಷಿನ್ ಟೂಲು. ಟ್ರ್ಯಾಕ್ಟರ್ ಬಂದಿದ್ದು ಹರಿಯಾಣದ ಪಿಂಜೋರ್ ಕಾರ್ಖಾನೆಯಿಂದ. 1971ರಲ್ಲಿ ಜೆಕೊಸ್ಲೊವಾಕಿಯಾದ ಜೆಟರ್ ಜೊತೆ ಸೇರಿ ಶುರು ಮಾಡಿದರು. ಕಂಪನಿ ಮಾತ್ರ ನಮ್ಮ ಬೆಂಗಳೂರಿನದೇ. 2016ರಲ್ಲಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು.

ಗಡಿಯಾರದ ಜಾಲಹಳ್ಳಿ
ಸರಿ ತಾತ, ಒಪ್ಪಿದೆ. ಬೆಂಗಳೂರಿನದೇ ಬೇಕು ಅಂದರೆ ವಿಎಸ್‌ಟಿ ಟಿಲ್ಲರ್ ಹೇಳಬೇಕು. 1967ರ ಕಂಪನಿ, ಮಿತ್ಸುಬಿಷಿ ತಂತ್ರಜ್ಞಾನ ತಂದು ಪವರ್ ಟಿಲ್ಲರ್ ಮಾಡಿದವರು. ರೇಷ್ಮೆಯವರು ಹಿಪ್ಪುನೇರಳೆ ಸಾಲಿನ ಮಧ್ಯೆ ಓಡಿಸಲು ಇಟ್ಟುಕೊಂಡಿರುತ್ತಾರೆ.

ಹೊಸಕೋಟೆ ಅಕ್ಕ
ಟ್ರ್ಯಾಕ್ಟರ್ ವಿಷಯಕ್ಕೆ ಬನ್ನಿ ಸ್ವಾಮಿ.

@ಬಳ್ಳಾಪುರದ ಹುಡುಗ, ನೀವು ಯಲಹಂಕದಲ್ಲಿ ಕೂತು "ಡೀಸೆಲ್ ಜಾಸ್ತಿ ಹೋಗುತ್ತಿದೆ" ಎನ್ನುತ್ತಿದ್ದೀರಿ. ಎಷ್ಟು ಜಾಸ್ತಿ? ಬರೆದಿಟ್ಟಿದ್ದೀರಾ? ನಮ್ಮನೆಯಲ್ಲಿ ಗಾಡಿ ಓಡಿಸುವುದು ಯಜಮಾನರು, ಲೆಕ್ಕ ನನ್ನದು. ಟ್ಯಾಂಕನ್ನು ಬಾಯಿ ತನಕ ತುಂಬಿಸುತ್ತೇನೆ. ಒಂದು ಎಕರೆ ಮುಗಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಬಾಯಿ ತನಕ ತುಂಬಿಸುತ್ತೇನೆ. ಎಷ್ಟು ಲೀಟರ್ ಹಿಡಿಯಿತೋ ಅಷ್ಟೇ ಖರ್ಚು. ಯಾವ ಹೊಲ, ಯಾವ ಸಾಮಾನು, ಹದ ಹೇಗಿತ್ತು, ಅದನ್ನೂ ಪಕ್ಕದಲ್ಲಿ ಬರೆಯುತ್ತೇನೆ. ಇದಿಲ್ಲದೆ ಬೋರ್ ಹೋಗಿದೆಯೋ ಕ್ಯಾನು ಹೋಗಿದೆಯೋ ಯಾರಿಗೆ ಗೊತ್ತು?

ಕನಕಪುರ ಕಣ
ಕ್ಯಾನು 😂😂 ಅಕ್ಕ ನೇರ ವಿಷಯಕ್ಕೆ ಬಂದರು.

ಬಳ್ಳಾಪುರದ ಹುಡುಗ
ಅಕ್ಕ, ಡ್ರೈವರಣ್ಣ ಅಂಥವರಲ್ಲ. ಅಪ್ಪನ ಕಾಲದಿಂದ ಇದ್ದಾರೆ. ಅವರ್ ಮೀಟರ್ ನೋಡಿ ಗಂಟೆಗೆ ಎಷ್ಟು ಎಂದು ಅಂದಾಜು ಮಾಡುತ್ತೇವೆ.

ಹೊಸಕೋಟೆ ಅಕ್ಕ
ನಾನು ಅವರನ್ನು ಅನ್ನಲಿಲ್ಲಪ್ಪ. ಲೆಕ್ಕ ಇದ್ದರೆ ಅವರಿಗೂ ಒಳ್ಳೆಯದು, ಯಾರೂ ಬೆರಳು ತೋರಿಸುವಂತಿಲ್ಲ.

ಆನೇಕಲ್ ಸ್ಪ್ಯಾನರ್
ಹಳೇ ಗಾಡಿಯ ಅವರ್ ಮೀಟರ್ ನಂಬಿ ಗಂಟೆ ಲೆಕ್ಕ ಹಾಕಬೇಡಿ. ಅದು ಕೇಬಲ್ಲಿನಲ್ಲಿ ಇಂಜಿನ್ ಸುತ್ತುಗಳನ್ನು ಎಣಿಸುತ್ತದೆ, ಗಡಿಯಾರದ ಗಂಟೆಯನ್ನಲ್ಲ. ಇಂಜಿನ್ ನಿಧಾನಕ್ಕೆ ಓಡಿದರೆ ಮೀಟರೂ ನಿಧಾನ. ಅಕ್ಕ ಹೇಳಿದಂತೆ ಎಕರೆ ಲೆಕ್ಕವೇ ಸರಿ. ಅವರ್ ಮೀಟರ್ ಸರ್ವಿಸ್ ಮಾಡಿಸಲು ಇಟ್ಟುಕೊಳ್ಳಿ. ಇಂಜಿನ್ ಆಯಿಲ್ ಹೆಚ್ಚಿನ ಗಾಡಿಗಳಿಗೆ 250 ಗಂಟೆ, ನಿಮ್ಮ ಪುಸ್ತಕದಲ್ಲಿ ಏನಿದೆಯೋ ಹಾಗೆ.

ಮತ್ತೆ ಸೋರಿಕೆ. ಸೆಕೆಂಡಿಗೆ ಒಂದು ಹನಿ ಬೀಳುತ್ತಿದ್ದರೆ, ಹನಿಗೆ 0.05 ಮಿ.ಲೀ. ಎಂದುಕೊಂಡರೂ ಗಂಟೆಗೆ 180 ಮಿ.ಲೀ. ಆಯಿತು. ನಿಂತಲ್ಲೇ ಸೋರಿದರೆ ದಿನಕ್ಕೆ ನಾಲ್ಕು ಲೀಟರ್ ದಾಟುತ್ತದೆ.

ನೆಲಮಂಗಲ ಚಕ್ರ
ಯಾರೂ ಟೈರ್ ಬಗ್ಗೆ ಮಾತಾಡಲೇ ಇಲ್ಲ. ನನ್ನದು ಟೈರ್ ಅಂಗಡಿ, ಅದಕ್ಕೇ ಹೇಳುತ್ತೇನೆ ಅಂದುಕೊಂಡರೂ ಸರಿ.

ಪಂಕ್ಚರ್ ಅಂಗಡಿಗಳಲ್ಲಿ ಟ್ರ್ಯಾಕ್ಟರ್ ಹಿಂದಿನ ಚಕ್ರಕ್ಕೂ ಲಾರಿಗೆ ಹೊಡೆದ ಹಾಗೆ ಗಾಳಿ ಹೊಡೆದು ಕಳಿಸುತ್ತಾರೆ. ಹೊಲದ ಕೆಲಸಕ್ಕೆ ಹಿಂದಿನ ಟೈರಿಗೆ 12ರಿಂದ 14 ಪಿಎಸ್‌ಐ ಸಾಕು. ಟ್ರೇಲರ್ ಎಳೆಯುವಾಗ ಸ್ವಲ್ಪ ಏರಿಸಬೇಕು. ಗಾಳಿ ಜಾಸ್ತಿ ಇದ್ದರೆ ಟೈರ್ ನಡುವೆ ಮಾತ್ರ ನೆಲ ಮುಟ್ಟುತ್ತದೆ, ಚಕ್ರ ನಿಂತಲ್ಲೇ ಜಾರುತ್ತದೆ. ಜಾರಿದ ಪ್ರತಿ ಸುತ್ತೂ ಸುಟ್ಟ ಡೀಸೆಲ್.

ಎಷ್ಟು ಜಾರುತ್ತಿದೆ ಎಂದು ಯಂತ್ರ ಇಲ್ಲದೆಯೇ ನೋಡಬಹುದು. ಹಿಂದಿನ ಚಕ್ರಕ್ಕೆ ಸುಣ್ಣದಲ್ಲಿ ಒಂದು ಗುರುತು ಹಾಕಿ. ಕಲ್ಟಿವೇಟರ್ ಎತ್ತಿಕೊಂಡು ಹೊಲದಲ್ಲೇ ಹತ್ತು ಸುತ್ತು ಹೋಗಿ, ದೂರ ಅಳೆಯಿರಿ. ಆಮೇಲೆ ಕಲ್ಟಿವೇಟರ್ ಇಳಿಸಿ ಅದೇ ಹೊಲದಲ್ಲಿ ಹತ್ತು ಸುತ್ತು. ಎತ್ತಿದಾಗ 40 ಮೀಟರ್, ಇಳಿಸಿದಾಗ 34 ಮೀಟರ್ ಬಂದರೆ ಜಾರುವುದು ನೂರಕ್ಕೆ 15. ಅಲ್ಲಿಯವರೆಗೆ ಸರಿ. 20 ದಾಟಿದರೆ ಡೀಸೆಲೂ ಹೋಯಿತು, ಟೈರಿನ ಹಲ್ಲೂ ಹೋಯಿತು. ತೀರಾ ಕಡಿಮೆ ಬಂದರೆ ಗಾಡಿ ಬೇಡದ ತೂಕ ಹೊತ್ತು ತಿರುಗುತ್ತಿದೆ ಅಂತ.

ಕನಕಪುರ ಕಣ
ಟೈರಿಗೆ ನೀರು ತುಂಬಿಸಿದರೆ ಜಾರುವುದು ನಿಲ್ಲುತ್ತದೆ, ಮುಗಿಯಿತು.

ನೆಲಮಂಗಲ ಚಕ್ರ
ಅಷ್ಟು ಸುಲಭ ಅಲ್ಲ ಅಣ್ಣ. ನೀರು ತುಂಬಿಸಬಹುದು, ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ನಿಲ್ಲಿಸಿ ಮುಕ್ಕಾಲು ಭಾಗ ಮಾತ್ರ. ಮೇಲಿನ ಕಾಲು ಭಾಗ ಗಾಳಿಯೇ ಇರಬೇಕು, ಇಲ್ಲದಿದ್ದರೆ ಟೈರ್ ಕಲ್ಲಿನಂತೆ ಆಗುತ್ತದೆ. ಈ ಅಳತೆಯ ಟ್ರ್ಯಾಕ್ಟರಿಗೆ ಒಂದೊಂದು ಚಕ್ರಕ್ಕೆ 150 ಲೀಟರಿಗೂ ಮೇಲೆ ಹಿಡಿಯುತ್ತದೆ. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಬೆಂಗಳೂರಿನ ಚಳಿಗೆ ಬರೀ ನೀರು ಸಾಕು.

ಆದರೆ ಉಳುಮೆ ಮುಗಿದು ಟ್ರೇಲರ್ ಕೆಲಸ ಶುರುವಾದ ಮೇಲೂ ಆ ನೀರು ಬಿಟ್ಟರೆ? ಮುನ್ನೂರು ಕೆಜಿಗೂ ಜಾಸ್ತಿ ತೂಕವನ್ನು ಸುಮ್ನೆ ರಸ್ತೆ ಮೇಲೆ ಹೊತ್ತು ತಿರುಗಿದ ಹಾಗೆ. ರೋಟವೇಟರಿಗಂತೂ ನೀರು ಬೇಕಾಗಿಯೇ ಇಲ್ಲ, ಅದು ತಿರುಗುತ್ತಾ ತಾನೇ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ.

ಕನಕಪುರ ಕಣ
ನಮ್ಮ ಕಡೆ ವರ್ಷಪೂರ್ತಿ ಬಿಡುತ್ತಾರೆ. ಯಾರಿಗೂ ಏನೂ ಆಗಿಲ್ಲ.

ನೆಲಮಂಗಲ ಚಕ್ರ
ಏನೂ ಆಗುವುದಿಲ್ಲ, ಬಂಕಿನವನಿಗೆ ಲಾಭ ಆಗುತ್ತದೆ ಅಷ್ಟೆ.

ಬಿಟ್ಟೆ ಕೋಡಿಂಗು
ಜಾರುವುದರ ಮಾತು ಬಂತಲ್ಲ, ಡ್ರಾಫ್ಟ್ ಲಿವರ್ ಎಷ್ಟು ಜನ ಮುಟ್ಟುತ್ತೀರಿ? ಸೀಟಿನ ಪಕ್ಕ ಎರಡು ಲಿವರ್ ಇರುತ್ತವೆ. ಎಲ್ಲರೂ ಸಾಮಾನನ್ನು ಒಂದೇ ಎತ್ತರದಲ್ಲಿ ಹಿಡಿಯುವ ಪೊಸಿಷನ್ ಲಿವರ್ ಒಂದರಲ್ಲೇ ಜೀವನ ಮಾಡುತ್ತಾರೆ. ರೋಟವೇಟರ್, ಮಟ್ಟ ಮಾಡುವ ಬ್ಲೇಡಿಗೆ ಅದು ಸರಿ. ಆದರೆ ನೇಗಿಲು, ಕಲ್ಟಿವೇಟರಿಗೆ ಡ್ರಾಫ್ಟ್ ಬಳಸಬೇಕು. ಗಟ್ಟಿ ನೆಲ ಸಿಕ್ಕಿದಾಗ ಮೇಲಿನ ಟಾಪ್ ಲಿಂಕ್ ಒತ್ತಡ ಗ್ರಹಿಸಿ ಹೈಡ್ರಾಲಿಕ್ ತಾನೇ ಒಂಚೂರು ಎತ್ತುತ್ತದೆ, ಆ ಭಾರ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಚಕ್ರ ಜಾರುವುದಿಲ್ಲ, ಇಂಜಿನ್ ಏದುಸಿರು ಬಿಡುವುದಿಲ್ಲ. ಹ್ಯಾರಿ ಫರ್ಗ್ಯುಸನ್ ಮೂರು ಕೊಂಡಿಯ ಜೋಡಣೆ ತಂದಿದ್ದೇ ಇದಕ್ಕಾಗಿ. ಕಾಸು ಕೊಟ್ಟು ತಂದ ಗಾಡಿಯಲ್ಲಿ ಅರ್ಧ ವಿದ್ಯೆ ಹಾಗೇ ತುಕ್ಕು ಹಿಡಿಯುತ್ತಿದೆ.

ಮಾಗಡಿ ತಾತ
ಟಾಪ್ ಲಿಂಕ್ ಅಂದೆಯಲ್ಲ, ಇನ್ನೊಂದು ಹೇಳುತ್ತೇನೆ ಕೇಳು. ನಮ್ಮ ಪಕ್ಕದ ಊರಿನಲ್ಲಿ ಒಬ್ಬ ಹುಣಸೆ ಮರದ ಬುಡ ಎಳೆಯಲು ಸರಪಳಿಯನ್ನು ಟಾಪ್ ಲಿಂಕ್ ಜಾಗಕ್ಕೆ ಕಟ್ಟಿದ. ಕ್ಲಚ್ ಬಿಟ್ಟ, ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೇ ಮಗುಚಿತು. ಸೊಂಟ ಮುರಿದುಕೊಂಡು ಉಳಿದಿದ್ದೇ ಪುಣ್ಯ. ಏನೇ ಎಳೆಯುವುದಿದ್ದರೂ ಕೆಳಗಿನ ಡ್ರಾಬಾರಿಗೆ ಮಾತ್ರ ಕಟ್ಟಬೇಕು. ಎತ್ತರಕ್ಕೆ ಕಟ್ಟಿದರೆ ಎದ್ದು ಮಗುಚುತ್ತದೆ.

ಹೊಸಕೋಟೆ ಅಕ್ಕ
ಪಿಟಿಒ ಶಾಫ್ಟಿನ ಕವಚವನ್ನೂ ಕಿತ್ತು ಎಸೆಯುತ್ತಾರೆ. ಒಕ್ಕಣೆ ಸಮಯದಲ್ಲಿ ಹೆಂಗಸರು ಸೆರಗು, ಗಂಡಸರು ಟವಲ್ಲು ಹಾಕಿಕೊಂಡು ಅದರ ಪಕ್ಕದಲ್ಲೇ ಓಡಾಡುತ್ತಾರೆ. ನೋಡಿದರೆ ಎದೆ ಝಲ್ ಎನ್ನುತ್ತದೆ. ನಮ್ಮ ಕಣದಲ್ಲಿ ಕವಚ ಇಲ್ಲದ ಗಾಡಿಗೆ ಪ್ರವೇಶವೇ ಇಲ್ಲ.

ಗಡಿಯಾರದ ಜಾಲಹಳ್ಳಿ
ರಸ್ತೆಗೆ ಇಳಿಯುವಾಗ ಎರಡು ಬ್ರೇಕ್ ಪೆಡಲ್ ಜೋಡಿಸುವ ಕೊಕ್ಕೆ ಹಾಕಿ ಅನ್ನುವುದನ್ನೂ ಸೇರಿಸಿ. ದೊಡ್ಡಬಳ್ಳಾಪುರ ರೋಡಲ್ಲಿ ಒಂದೇ ಚಕ್ರಕ್ಕೆ ಬ್ರೇಕ್ ಬಿದ್ದರೆ ಗಾಡಿ ಅಡ್ಡ ತಿರುಗುತ್ತದೆ.

ಬಳ್ಳಾಪುರದ ಹುಡುಗ
ಭಾನುವಾರ ಊರಿಗೆ ಹೋಗಿದ್ದೆ. ಹೇಳಿದ್ದೆಲ್ಲಾ ನೋಡಿದೆವು.

ಏರ್ ಕ್ಲೀನರ್ ಬಟ್ಟಲಿನಲ್ಲಿ ಆಯಿಲ್ ಅನ್ನುವುದು ಇರಲೇ ಇಲ್ಲ, ಗಟ್ಟಿ ಕೆಂಪು ಕೆಸರು. ತೊಳೆದು ಹೊಸದು ಹಾಕಿದೆವು. ಹಿಂದಿನ ಟೈರ್ ಗಾಳಿ 28 ಇತ್ತು! 13ಕ್ಕೆ ಇಳಿಸಿದೆವು. ಆಯಿಲ್ ಮುಚ್ಚಳ ತೆಗೆದು ನೋಡಿದರೆ ಸ್ವಲ್ಪ ಆವಿ, ಬುಸಬುಸ ಏನಿಲ್ಲ. ಎರಡು ಸರ್ವಿಸ್ ಮಧ್ಯೆ ಟಾಪ್ ಅಪ್ ಮಾಡುವುದು ಅಪರೂಪ ಅಂತೆ. ಸಂಜೆ ಒಂದು ತುಂಡು ಹೊಲ ಹೊಡೆದು ನೋಡಿದೆವು. ಹೊಗೆ ಅರ್ಧಕ್ಕಿಂತ ಕಡಿಮೆ ಆಗಿದೆ, ಆದರೆ ಪೂರ್ತಿ ಹೋಗಿಲ್ಲ. ಬಿಸಿ ಮಾತ್ರ ಹಾಗೇ ಏರುತ್ತಿದೆ.

ಡ್ರೈವರಣ್ಣನಿಗೆ ಸ್ವಲ್ಪ ಮುನಿಸು. "ನಿಮ್ಮ ಮೊಬೈಲು ಹೇಳಿದ್ದನ್ನೇ ಕೇಳಿ" ಎಂದರು.

ಆನೇಕಲ್ ಸ್ಪ್ಯಾನರ್
ಆಯಿಲ್ ತಿನ್ನುತ್ತಿಲ್ಲ ಅಂದರೆ ಬೋರ್ ಚೆನ್ನಾಗಿಯೇ ಇದೆ. ಗ್ಯಾರೇಜಿನವರಿಗೆ ಕೈಮುಗಿದು ಕಳಿಸಿ.

ಈಗ ಬಿಸಿ ವಿಷಯ. ರೇಡಿಯೇಟರಿಗೆ ಏನು ಹಾಕುತ್ತೀರಿ? ಕೊಳವೆಬಾವಿ ನೀರಾ?

ಬಳ್ಳಾಪುರದ ಹುಡುಗ
ಹೌದು ಅಣ್ಣ. ತೋಟದ ಬೋರ್ ನೀರು.

ಆನೇಕಲ್ ಸ್ಪ್ಯಾನರ್
ಅಂದುಕೊಂಡೆ. ನಮ್ಮ ಸುತ್ತಮುತ್ತಲಿನ ಆಳದ ಬೋರ್ ನೀರು ಗಡಸು. ಮನೆಯ ಗೀಸರ್ ಕಾಯಿಲ್ ಮೇಲೆ ಬಿಳಿ ಹರಳು ಕಟ್ಟುತ್ತದಲ್ಲ, ಅದೇ ಇಂಜಿನ್ ಒಳಗಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಬಿಸಿ ಹೊರಗೆ ಹೋಗುವುದಿಲ್ಲ. ಒಮ್ಮೆ ರೇಡಿಯೇಟರ್ ಅಂಗಡಿಯಲ್ಲಿ ಕ್ಲೀನ್ ಮಾಡಿಸಿ, ಆಮೇಲೆ ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿ. ಹೊರಗಿನ ಜಾಲರಿಗೆ ರಾಗಿ ಹೊಟ್ಟು, ಧೂಳು ತುಂಬಿರುತ್ತದೆ. ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ, ಜೋರು ಪ್ರೆಷರ್ ಬೇಡ, ರೆಕ್ಕೆ ಮಡಚಿಕೊಳ್ಳುತ್ತವೆ. ಫ್ಯಾನ್ ಬೆಲ್ಟ್ ಸಡಿಲ ಇದೆಯಾ ನೋಡಿ. ಬಿಸಿ ಇರುವಾಗ ಮುಚ್ಚಳ ಮಾತ್ರ ತೆಗೆಯಬೇಡಿ.

ಇನ್ನೊಂದು, ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ಮಾತ್ರ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಇದೆಯಾ? ಬಿಸಿ ಬರುತ್ತದೆ ಎಂದು ನಮ್ಮವರೇ ಕೆಲವರು ಕಿತ್ತು ಬಿಸಾಡುತ್ತಾರೆ. ಅದಿಲ್ಲದಿದ್ದರೆ ಹಗುರ ಕೆಲಸದಲ್ಲಿ ಇಂಜಿನ್ ಬಿಸಿಯೇ ಆಗದೆ ತಣ್ಣಗೆ ಓಡುತ್ತದೆ. ತಣ್ಣಗಿನ ಇಂಜಿನ್ ಡೀಸೆಲ್ ಜಾಸ್ತಿ ತಿನ್ನುತ್ತದೆ, ಲೈನರೂ ಬೇಗ ಸವೆಯುತ್ತದೆ.

ಉಳಿದ ಹೊಗೆಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನಾಜಲ್ ಚೆಕ್ ಮಾಡಿಸಿ. ಡೀಸೆಲ್ ಪಂಪ್ ಮೇಲೆ ಸೀಲ್ ತಂತಿ ಇದೆಯಾ ನೋಡಿ. "ಎಳೆತ ಬರಲಿ" ಎಂದು ಯಾರೋ ಸ್ಕ್ರೂ ತಿರುಗಿಸಿ ಡೀಸೆಲ್ ಏರಿಸಿದ್ದರೂ ಕಪ್ಪು ಹೊಗೆ ಬರುತ್ತದೆ.

ಬಿಟ್ಟೆ ಕೋಡಿಂಗು
ಡೀಸೆಲ್ ಫಿಲ್ಟರ್ ಕೂಡ ಬದಲಾಯಿಸಿ. ಎರಡು ಇರುತ್ತವೆ, ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ. ಮೊದಲನೆಯದು ಈಗ, ಎರಡನೆಯದು ಇನ್ನೊಂದು ಸಲ. ಎರಡೂ ಒಮ್ಮೆಗೇ ಬಿಚ್ಚಿದರೆ ಆಗ ಸೇರುವ ಕಸ ನೇರ ಪಂಪಿಗೆ ಹೋಗುತ್ತದೆ. ಹಾಕಿದ ಮೇಲೆ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈ ಪಂಪ್ ಒತ್ತಿ ಗಾಳಿ ಗುಳ್ಳೆ ನಿಲ್ಲುವ ತನಕ ಬಿಡಬೇಕು.

ಕನಕಪುರ ಕಣ
ಫಿಲ್ಟರಿಗೆ ಬೆಂಗಳೂರಿನ ಬಿಡಿಭಾಗದ ಅಂಗಡಿಗಳ ಜೆ.ಸಿ. ರೋಡಿಗೆ ಹೋದರೆ ಅರ್ಧ ಬೆಲೆ.

ಆನೇಕಲ್ ಸ್ಪ್ಯಾನರ್
ಅರ್ಧ ಬೆಲೆಗೆ ಅರ್ಧ ಫಿಲ್ಟರೇ ಸಿಗುತ್ತದೆ. ಒಳ್ಳೆಯ ಅಂಗಡಿಗಳೂ ಇವೆ ಅಲ್ಲಿ, ಇಲ್ಲ ಅನ್ನಲ್ಲ. ಹಳೇ ಫಿಲ್ಟರ್ ಕೈಯಲ್ಲಿ ಹಿಡಿದು ಹೋಗಿ, ತೂಕ, ರಬ್ಬರ್, ಪಾರ್ಟ್ ನಂಬರ್ ಹೋಲಿಸಿ, ಬಿಲ್ ಕೇಳಿ. ಬಿಲ್ ಕೊಡದಿದ್ದರೆ ಮುಂದಿನ ಅಂಗಡಿ.

ಗಡಿಯಾರದ ಜಾಲಹಳ್ಳಿ
ಇಷ್ಟೆಲ್ಲ ಒದ್ದಾಡುವ ಬದಲು ಹೊಸದೇ ತೆಗೆದುಕೊಳ್ಳಬಹುದಲ್ವಾ? ನವೆಂಬರಿನಲ್ಲಿ ಜಿಕೆವಿಕೆ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯ) ಕೃಷಿ ಮೇಳ ಆದರೆ ಎಲ್ಲಾ ಕಂಪನಿಯವರೂ ಒಂದೇ ಕಡೆ ಸಿಗುತ್ತಾರೆ.

ಬಿಟ್ಟೆ ಕೋಡಿಂಗು
ಮೇಳಕ್ಕೆ ಹೋಗಿ ನೋಡಲಿ, ತಪ್ಪಿಲ್ಲ. ಆದರೆ 50 ಎಚ್‌ಪಿ ದಾಟಿದ ಹೊಸ ಗಾಡಿಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಹೆಚ್ಚಿನವು ಕಾಮನ್ ರೈಲ್ ಇಂಜಿನ್, ಅಂದರೆ ಡೀಸೆಲ್ಲನ್ನು ಭಾರೀ ಒತ್ತಡದಲ್ಲಿ ಕಂಪ್ಯೂಟರ್ ಲೆಕ್ಕದಲ್ಲಿ ಚಿಮ್ಮಿಸುವಂಥವು. ಗಾಡಿ ಚೆನ್ನಾಗಿ ಎಳೆಯುತ್ತದೆ. ಆದರೆ ಡ್ರಮ್ಮಿನ ತಳದ ಡೀಸೆಲ್ ಬಗ್ಗಿಸಿ ಹಾಕುವ ಅಭ್ಯಾಸ ಇದ್ದವರು ಆ ಕಡೆ ತಲೆ ಹಾಕಬೇಡಿ, ಅದರ ಇಂಜೆಕ್ಟರ್ ಬೆಲೆ ಕೇಳಿದರೆ ಜ್ವರ ಬರುತ್ತದೆ. ಆರು ಎಕರೆಗೆ ಅಷ್ಟು ದೊಡ್ಡ ಗಾಡಿ ಬೇಕಾಗಿಯೂ ಇಲ್ಲ.

ಹೊಸಕೋಟೆ ಅಕ್ಕ
ಡೀಸೆಲ್ ಸಂಜೆಯೇ ತುಂಬಿಸಿಡಿ, ಯಾವ ಗಾಡಿಯೇ ಆಗಲಿ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ಇಬ್ಬನಿಗೆ ನೀರು ಕಟ್ಟುತ್ತದೆ. ಬೆಳಿಗ್ಗೆ ಫಿಲ್ಟರ್ ಕೆಳಗಿನ ತಿರುಪು ಬಿಚ್ಚಿ ಆ ನೀರು ಬಿಡಬೇಕು. ಮತ್ತೆ ಡ್ರೈವರಣ್ಣನ ಮುನಿಸಿಗೆ ಒಂದು ಮಾತು: ಉಳಿದ ಡೀಸೆಲ್ಲಿನ ದುಡ್ಡಿನಲ್ಲಿ ಒಂದು ಪಾಲು ಅವರಿಗೆ ಕೊಡಿ. ನಾಳೆಯಿಂದ ಅವರೇ ಏರ್ ಕ್ಲೀನರ್ ತೊಳೆಯುತ್ತಾರೆ.

ಮಾಗಡಿ ತಾತ
ಅಕ್ಕನ ಮಾತು ನೂರಕ್ಕೆ ನೂರು.

ಬಳ್ಳಾಪುರದ ಹುಡುಗ
ಇವತ್ತಿನ ಸುದ್ದಿ: ರೇಡಿಯೇಟರ್ ಅಂಗಡಿಯವರು ಒಳಗಿನ ಕೊಳವೆಗಳಲ್ಲಿ ಕಾಲು ಭಾಗ ಪೂರ್ತಿ ಮುಚ್ಚಿಹೋಗಿವೆ ಎಂದರು. ಕ್ಲೀನ್ ಆಗುತ್ತಿದೆ. ಥರ್ಮೋಸ್ಟಾಟ್ ಜಾಗ ಖಾಲಿ ಇದೆ, ಯಾರು ಯಾವಾಗ ತೆಗೆದರೋ. ಹೊಸದು ಹಾಕಿಸುತ್ತೇನೆ. ಪಂಪ್ ಸೀಲ್ ತಂತಿಯೂ ಇಲ್ಲ. ಡ್ರೈವರಣ್ಣನಿಗೆ ಪಾಲಿನ ವಿಷಯ ಹೇಳಿದೆ, "ಲೆಕ್ಕದ ಪುಸ್ತಕ ನನ್ನ ಹತ್ತಿರಾನೇ ಇರಲಿ" ಎಂದರು.

ಪಂಪ್ ಬಿಚ್ಚಿ, ಡೀಸೆಲ್ ಅಳೆದು ಹೊಂದಿಸುವ ಟೆಸ್ಟ್ ಬೆಂಚ್ ಮೇಲೆ ಇಡಿಸಬೇಕು ಅಲ್ವಾ?

ಆನೇಕಲ್ ಸ್ಪ್ಯಾನರ್
ಹೌದು. ಪಂಪ್ ಕೆಲಸ ಮಾತ್ರ ಟೆಸ್ಟ್ ಬೆಂಚ್ ಇರುವ ಕಡೆಯೇ ಮಾಡಿಸಿ, ಹೊಲದಲ್ಲಿ ಕಿವಿಯಿಂದ ಕೇಳಿ ಸ್ಕ್ರೂ ತಿರುಗಿಸುವವರ ಕೈಗೆ ಕೊಡಬೇಡಿ. ಬಿಚ್ಚುವ ಮುಂಚೆ ಟೈಮಿಂಗ್ ಗುರುತು ಹಾಕಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಇಂಜೆಕ್ಟರ್‌ಗಳನ್ನೂ ಅಲ್ಲೇ ಕೊಡಿ. ಎಲ್ಲ ಸೇರಿದರೂ ಇಂಜಿನ್ ಬಿಚ್ಚುವ ಖರ್ಚಿನ ಹತ್ತಿರಕ್ಕೂ ಹೋಗುವುದಿಲ್ಲ. ಬಂದ ಮೇಲೆ ಅಕ್ಕನ ಲೆಕ್ಕದಲ್ಲಿ ಒಂದು ಎಕರೆ ಹೊಡೆದು ಲೀಟರ್ ಬರೆಯಿರಿ.

ನೆಲಮಂಗಲ ಚಕ್ರ
ಮತ್ತೆ ಆ 6 ಅಡಿ ರೋಟವೇಟರ್ ಏನು ಮಾಡುತ್ತೀರಿ? ನಮ್ಮಣ್ಣನ ಹತ್ತಿರ 55 ಎಚ್‌ಪಿ ಗಾಡಿ ಇದೆ, ಅವನದು 5 ಅಡಿಯದು. ಬದಲಾಯಿಸಿಕೊಳ್ಳಬಹುದು.

ಬಳ್ಳಾಪುರದ ಹುಡುಗ
ಬ್ಲೇಡ್ ಹೇಗಿವೆ? ಮೇಲೆ ಎಷ್ಟು ಕೊಡುತ್ತಾರೆ?

ನೆಲಮಂಗಲ ಚಕ್ರ
ಬ್ಲೇಡ್ ಹೋದ ಹಿಂಗಾರಿನಲ್ಲಿ ಹಾಕಿಸಿದ್ದು. ದುಡ್ಡಿನ ಮಾತು ಇಲ್ಲಿ ಬೇಡ, ತಾತ ಬಂದು ಎರಡನ್ನೂ ಗುಜರಿಗೆ ಹಾಕಿ ಅನ್ನುತ್ತಾರೆ. ಮೆಸೇಜ್ ಮಾಡಿ.